ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆ: ಏನನ್ನು ನಿರೀಕ್ಷಿಸಬೇಕು?

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ)

ನಮ್ಮ ಭಾಷೆಯಲ್ಲಿ ಕಣ್ಣುರೆಪ್ಪೆಗೆ ದೊರೆತಿರುವ ಮರ್ಯಾದೆ ದೇಹದ ಬೇರೆ ಯಾವ ಸಣ್ಣ ಅಂಗಕ್ಕೂ ದೊರೆತಂತಿಲ್ಲ. ಮಗುವನ್ನು ಅಕ್ಕರೆಯಿಂದ ಸಾಕಿದ ತಾಯಿಯನ್ನು ಕುರಿತು 'ಕಣ್ಣನ್ನು ರೆಪ್ಪೆ ಕಾಯುವಂತೆ ಕಾದಳು' ಎನ್ನುತ್ತೇವೆ. ಬೆರಗಾದವನು 'ಎವೆಯಿಕ್ಕದೆ' ನೋಡುತ್ತಾನೆ. ಕ್ಷಣಮಾತ್ರದಲ್ಲಿ ನಡೆದುದು 'ರೆಪ್ಪೆ ಬಡಿಯುವಷ್ಟರಲ್ಲಿ' ನಡೆದುಹೋಗುತ್ತದೆ. ನಳದಮಯಂತಿಯರ ಕಥೆಯನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ನೆನಪಾಗದಿರದು. ಸ್ವಯಂವರ ಮಂಟಪದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನೇ ತಳೆದು ಕುಳಿತಿದ್ದಾಗ, ದಮಯಂತಿಯು ನಿಜವಾದ ನಳನನ್ನು ಗುರುತಿಸಿದ ಕುರುಹುಗಳಲ್ಲಿ ಅವನು ರೆಪ್ಪೆ ಬಡಿಯುತ್ತಿದ್ದನೆಂಬುದೂ ಒಂದು. ದೇವತೆಗಳು ಅನಿಮಿಷರು, ಅವರ ಕಣ್ಣಿಗೆ ಮುಚ್ಚುವ ಅಗತ್ಯವಿಲ್ಲ. ಮನುಷ್ಯನ ಕಣ್ಣಿಗೆ ಆ ಅಗತ್ಯವುಂಟು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲವೂ ಈ ಒಂದು ಮಾತಿನ ಸುತ್ತಲೇ ಇದೆಯೆಂದು ಆರಂಭದಲ್ಲಿಯೇ ತಿಳಿಸಿಬಿಡುತ್ತೇನೆ.

ಈಚೆಗೆ ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆಯ ಹೆಸರು ಪಟ್ಟಣಗಳಲ್ಲಿ ಮಾತ್ರವಲ್ಲದೆ ಹಳ್ಳಿಗಳಲ್ಲಿಯೂ ಕೇಳಿಬರುತ್ತಿದೆ. ಜೋತುಬಿದ್ದ ರೆಪ್ಪೆಯನ್ನು ಸರಿಪಡಿಸಿ, ಕಣ್ಣಿನ ಕೆಳಗಿನ ಚೀಲದಂತಹ ಊತವನ್ನು ತೆಗೆದು, ಮುಖಕ್ಕೆ ಕಳೆ ಬರಿಸುವ ಈ ಚಿಕಿತ್ಸೆಗೆ ವೈದ್ಯರು ಬ್ಲೆಫರೋಪ್ಲಾಸ್ಟಿ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಬ್ಲೆಫರೋನ್' ಎಂದರೆ ಕಣ್ಣುರೆಪ್ಪೆ. ಅದಕ್ಕೆ ರೂಪ ಕೊಡುವುದೇ ಬ್ಲೆಫರೋಪ್ಲಾಸ್ಟಿ. ವೈದ್ಯವಿದ್ಯಾರ್ಥಿನಿಯಲ್ಲದ ನಾನು ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣ ನನ್ನ ಅಜ್ಜಿ. ಅವರ ಪ್ರಸಂಗವನ್ನು ಸಂದರ್ಭ ಬಂದಾಗ ಹೇಳುತ್ತೇನೆ.

ರೆಪ್ಪೆಯ ರಚನೆ ಮತ್ತು ಅದರ ಕೆಲಸ

ನೋಡಲು ಒಂದು ತೆಳುವಾದ ತೊಗಲಿನ ತುಂಡಿನಂತೆ ಕಾಣುವ ರೆಪ್ಪೆಯು ವಾಸ್ತವವಾಗಿ ಹಲವು ಪದರಗಳಿಂದ ಕೂಡಿದೆ. ಎಲ್ಲಕ್ಕೂ ಮೇಲಿರುವುದು ಚರ್ಮ. ನಮ್ಮ ಶರೀರದಲ್ಲೆಲ್ಲ ಅತ್ಯಂತ ತೆಳುವಾದ ಚರ್ಮ ಇದೇ; ಇದರ ದಪ್ಪ 1 ಮಿಲಿಮೀಟರಿಗಿಂತಲೂ ಕಡಿಮೆ. ಅದರ ಕೆಳಗೆ ಕಣ್ಣಿನ ಸುತ್ತ ಉಂಗುರದಂತೆ ಹಬ್ಬಿರುವ ಒಂದು ಸ್ನಾಯುವಿದೆ. ಕಣ್ಣನ್ನು ಮುಚ್ಚುವುದು ಈ ಸ್ನಾಯುವಿನ ಕೆಲಸ. ಅದರ ಹಿಂದೆ ಒಂದು ತೆಳುವಾದ ಪರದೆ. ಪರದೆಯ ಹಿಂದೆ ಕಣ್ಣುಗುಡ್ಡೆಗೆ ಮೆತ್ತೆಯಾಗಿರುವ ಕೊಬ್ಬು. ಮೇಲಿನ ರೆಪ್ಪೆಯಲ್ಲಿ ಇನ್ನೂ ಒಳಕ್ಕೆ, ರೆಪ್ಪೆಯನ್ನು ಮೇಲಕ್ಕೆತ್ತುವ ಬೇರೊಂದು ಸ್ನಾಯುವಿದೆ. ಮುಚ್ಚುವ ಸ್ನಾಯುವಿಗೂ ಎತ್ತುವ ಸ್ನಾಯುವಿಗೂ ಬೇರೆ ಬೇರೆ ನರಗಳಿಂದ ಅಪ್ಪಣೆ ಬರುತ್ತದೆ. ರೆಪ್ಪೆಯ ಅಂಚಿಗೆ ಬಿಗಿ ಕೊಡುವ ಒಂದು ಗಟ್ಟಿ ಫಲಕವೂ, ಕಣ್ಣುಗುಡ್ಡೆಯನ್ನು ತಾಗುವ ಕಡೆ ಒಂದು ನುಣುಪಾದ ಒಳಪೊರೆಯೂ ಇವೆ.

ಎಚ್ಚರವಾಗಿರುವಾಗ ನಾವು ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ರೆಪ್ಪೆ ಬಡಿಯುತ್ತೇವೆ. ಪ್ರತಿ ಸಲವೂ ಕಣ್ಣೀರಿನ ತೆಳುಪದರವೊಂದು ಕಣ್ಣಿನ ಮೇಲೆ ಹರಡುತ್ತದೆ. ಕಣ್ಣಿನ ಮುಂಭಾಗದಲ್ಲಿರುವ ಪಾರದರ್ಶಕವಾದ ಕಾರ್ನಿಯ ಎಂಬ ಪಟಲಕ್ಕೆ ರಕ್ತನಾಳಗಳಿಲ್ಲ. ಅದು ತೇವವಾಗಿದ್ದರೆ ಮಾತ್ರ ತಿಳಿಯಾಗಿರುತ್ತದೆ, ಒಣಗಿದರೆ ಹುಣ್ಣಾಗುತ್ತದೆ, ಹುಣ್ಣು ಮಾದರೂ ಕಲೆ ಉಳಿದು ದೃಷ್ಟಿ ಮಸುಕಾಗಬಹುದು. ಆದ್ದರಿಂದ ರೆಪ್ಪೆಯ ಮೊದಲನೆಯ ಕರ್ತವ್ಯ ಮುಚ್ಚುವುದು. ಅಂದವಾಗಿ ಕಾಣುವುದು ಅದರ ಎರಡನೆಯ ಕರ್ತವ್ಯ.

ಇದಕ್ಕೆ ಒಂದು ಐತಿಹಾಸಿಕ ನಿದರ್ಶನವುಂಟು. ಮೊದಲನೆಯ ಮಹಾಯುದ್ಧದಲ್ಲಿ, 1916ರ ಜಟ್ಲೆಂಡ್ ನೌಕಾಯುದ್ಧದಲ್ಲಿ, ವಾಲ್ಟರ್ ಯಿಯೋ ಎಂಬ ಬ್ರಿಟಿಷ್ ನಾವಿಕನ ಮುಖ ಸುಟ್ಟು ಅವನ ಮೇಲಿನ ಮತ್ತು ಕೆಳಗಿನ ರೆಪ್ಪೆಗಳು ನಷ್ಟವಾದವು. ಹೆರಾಲ್ಡ್ ಗಿಲ್ಲಿಸ್ ಎಂಬ ಶಸ್ತ್ರವೈದ್ಯರು 1917ರಲ್ಲಿ ಅವನ ಶರೀರದ ಬೇರೆ ಭಾಗದ ಚರ್ಮವನ್ನು ತಂದು ಕಣ್ಣುಗಳ ಸುತ್ತ ಜೋಡಿಸಿ ಹೊಸ ರೆಪ್ಪೆಗಳನ್ನು ರಚಿಸಿದರು. ಅವನ ಭಾವಚಿತ್ರಗಳನ್ನು ನೋಡಿದವರಿಗೆ ಆ ಹೊಸ ಚರ್ಮ ಮುಖವಾಡದಂತೆ ಕಾಣುತ್ತದೆ. ಅಂದವೆಂದು ಯಾರೂ ಹೇಳಲಾರರು. ಆದರೆ ಆ ಕಣ್ಣುಗಳಿಗೆ ಮತ್ತೆ ಮರೆ ದೊರೆಯಿತು. ಇಂದಿನ ಸೌಂದರ್ಯ ಶಸ್ತ್ರಚಿಕಿತ್ಸೆಯ ಎಷ್ಟೋ ವಿಧಾನಗಳು ಇಂತಹ ದುಃಖದ ನಡುವೆ ಹುಟ್ಟಿದವೆಂಬುದನ್ನು ನಾವು ಮರೆಯಬಾರದು.

ವಯಸ್ಸು ಮಾಡುವ ಬದಲಾವಣೆ

ವಯಸ್ಸಾದಂತೆ ರೆಪ್ಪೆಯ ಚರ್ಮ ಬಿಗಿ ಕಳೆದುಕೊಂಡು ಸಡಿಲವಾಗುತ್ತದೆ. ಮೇಲಿನ ರೆಪ್ಪೆಯ ಚರ್ಮ ಮಡಿಕೆ ಮಡಿಕೆಯಾಗಿ ಎವೆಗೂದಲಿನ ಮೇಲೆ ಇಳಿಬೀಳುತ್ತದೆ. ಒಳಗಿನ ಪರದೆ ಸಡಿಲವಾಗಿ ಕೊಬ್ಬು ಮುಂದಕ್ಕೆ ಉಬ್ಬುತ್ತದೆ. ಕೆಳಗಿನ ರೆಪ್ಪೆಯಲ್ಲಿ ಚೀಲಗಳಂತೆ ಕಾಣುವುದು ಈ ಕೊಬ್ಬೇ. ಕೆಲವು ಮನೆತನಗಳಲ್ಲಿ ಇದು ಚಿಕ್ಕ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುವುದುಂಟು. ಬಹು ಮಂದಿಗೆ ಇದರಿಂದಾಗುವ ತೊಂದರೆ ಮುಖ ಸದಾ ದಣಿದಂತೆ ಕಾಣುವುದಷ್ಟೆ. ಆದರೆ ಕೆಲವರಿಗೆ ಚರ್ಮವು ಕಣ್ಣಿನ ಪಾಪೆಯವರೆಗೂ ಇಳಿದು ಮೇಲ್ಭಾಗದ ಮತ್ತು ಪಕ್ಕದ ನೋಟವನ್ನೇ ತಡೆಯುತ್ತದೆ.

ನನ್ನ ಅಜ್ಜಿಗೆ ಆದುದು ಹೀಗೆಯೇ. ಅವರು ಹೂ ಕಟ್ಟಿ ಮಾರಿ ಸಂಸಾರ ನಡೆಸಿದವರು. ಕಣ್ಣಿನ ಪೊರೆಯನ್ನು ತೆಗೆಸಿಕೊಂಡು ಎರಡು ವರ್ಷವಾಗಿದ್ದರೂ ಅವರು ಒಂದು ಕೈಯ ಬೆರಳಿನಿಂದ ರೆಪ್ಪೆಯನ್ನೆತ್ತಿ ನೋಡುತ್ತಿದ್ದರು. ಹೂ ಕಟ್ಟುವುದಕ್ಕೆ ಎರಡು ಕೈಯೂ ಬೇಕಲ್ಲವೆ? ಆಗ ಹುಬ್ಬುಗಳನ್ನು ಹಣೆಯ ಮೇಲಕ್ಕೆ ಏರಿಸಿಕೊಂಡು ಕುಳಿತಿರುತ್ತಿದ್ದರು. ಸಂಜೆಯ ವೇಳೆಗೆ ತಲೆನೋವು. ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗುವುದು. ವಯಸ್ಸಾಯಿತೆಂದು ನಾವೆಲ್ಲರೂ ಸುಮ್ಮನಿದ್ದೆವು. 2024ರಲ್ಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ಒಂದು ಪರೀಕ್ಷೆ ಮಾಡಿದರು. ಮೊದಲು ರೆಪ್ಪೆ ಇದ್ದಂತೆಯೇ ಇರುವಾಗ ಎಷ್ಟು ವಿಸ್ತಾರ ಕಾಣುತ್ತದೆಯೆಂದು ಯಂತ್ರದಲ್ಲಿ ಅಳೆದರು. ಅನಂತರ ರೆಪ್ಪೆಯ ಚರ್ಮವನ್ನು ಅಂಟುಪಟ್ಟಿಯಿಂದ ಮೇಲಕ್ಕೆ ಎತ್ತಿ ನಿಲ್ಲಿಸಿ ಮತ್ತೆ ಅಳೆದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ವ್ಯತ್ಯಾಸ ನನಗೂ ಗೊತ್ತಾಗುವಂತಿತ್ತು. ಅಂಟುಪಟ್ಟಿ ಹಾಕಿದ್ದಾಗ ಅಜ್ಜಿ ಗೋಡೆಯ ಮೇಲಿನ ಗಡಿಯಾರವನ್ನು ತಲೆಯೆತ್ತದೆ ನೋಡಿದರು.

ಒಂದೇ ಶಸ್ತ್ರಕ್ರಿಯೆ ಒಬ್ಬರಿಗೆ ಅಲಂಕಾರ, ಮತ್ತೊಬ್ಬರಿಗೆ ಅಗತ್ಯವೆಂಬುದು ನನಗೆ ಅರಿವಾದದ್ದು ಅಂದು.

ಪ್ರಾಚೀನರಿಂದ ಇಂದಿನವರೆಗೆ

ರೆಪ್ಪೆಯ ಮೇಲೆ ಶಸ್ತ್ರವನ್ನಿಡುವ ವಿದ್ಯೆ ಹೊಸದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಪಕ್ಷ್ಮಕೋಪವೆಂಬ ರೋಗದ ಚಿಕಿತ್ಸೆಯನ್ನು ವಿವರಿಸಿದೆ. ಎವೆಗೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಯನ್ನು ಚುಚ್ಚುವ ರೋಗ ಅದು. ಹುಬ್ಬಿನ ಕೆಳಗೆ ಎರಡು ಭಾಗವನ್ನು, ಎವೆಗೂದಲಿನ ಕಡೆ ಒಂದು ಭಾಗವನ್ನು ಬಿಟ್ಟು, ನಡುವೆ ಜವೆಯ ಕಾಳಿನ ಆಕಾರದಲ್ಲಿ ಚರ್ಮವನ್ನು ಕತ್ತರಿಸಿ ತೆಗೆದು, ಕೂದಲಿನಿಂದ ಹೊಲಿದು, ಜೇನನ್ನೂ ತುಪ್ಪವನ್ನೂ ಹಚ್ಚಬೇಕೆಂದು ಅಲ್ಲಿ ಹೇಳಿದೆ. ಅದು ಸೌಂದರ್ಯಕ್ಕಾಗಿ ಮಾಡಿದ ಚಿಕಿತ್ಸೆಯಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆದರೂ ಒಂದು ಅಂಶ ನಮ್ಮ ಗಮನವನ್ನು ಸೆಳೆಯದೆ ಇರದು. ಗ್ರಂಥಕಾರನು ಎಷ್ಟು ಬಿಡಬೇಕೆಂಬುದನ್ನು ಮೊದಲು ಹೇಳಿ, ಆಮೇಲೆ ತೆಗೆಯುವ ಮಾತನ್ನು ಎತ್ತುತ್ತಾನೆ. ಎವೆಗೂದಲು ಒಳತಿರುಗುವುದಕ್ಕೆ ಮುಖ್ಯ ಕಾರಣಗಳಲ್ಲೊಂದಾದ ಟ್ರಕೋಮ ಎಂಬ ಕಣ್ಣಿನ ಸೋಂಕು ನಮ್ಮ ದೇಶದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಘೋಷಿಸಿತು.

ಪಶ್ಚಿಮದಲ್ಲಿ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಸಡಿಲವಾದ ರೆಪ್ಪೆಯ ಚರ್ಮವನ್ನು ಕತ್ತರಿಸಿ ತೆಗೆಯುವ ಕ್ರಮವನ್ನು ಬರೆದಿದ್ದಾನೆ. ಬ್ಲೆಫರೋಪ್ಲಾಸ್ಟಿ ಎಂಬ ಹೆಸರನ್ನು 1818ರಲ್ಲಿ ಬಳಕೆಗೆ ತಂದವನು ಜರ್ಮನಿಯ ಫಾನ್ ಗ್ರೇಫೆ. ಜಪಾನಿನಲ್ಲಿ ಮಿಕಾಮೊ ಎಂಬ ವೈದ್ಯನು 1896ರಲ್ಲಿ ರೆಪ್ಪೆಯಲ್ಲಿ ಮಡಿಕೆಯನ್ನು ರಚಿಸುವ ಕ್ರಮವನ್ನು ಪ್ರಕಟಿಸಿದನು. ಪೂರ್ವ ಏಷ್ಯದ ಬಹು ಜನರ ಮೇಲುರೆಪ್ಪೆಯಲ್ಲಿ ಹುಟ್ಟಿನಿಂದಲೇ ಮಡಿಕೆ ಇರುವುದಿಲ್ಲ. ಅದೊಂದು ರೋಗವಲ್ಲ, ದೋಷವೂ ಅಲ್ಲ. ಆದರೂ ಆ ದೇಶಗಳಲ್ಲಿ ಯುವಜನರು ಇಂದು ಬಹುವಾಗಿ ಮಾಡಿಸಿಕೊಳ್ಳುತ್ತಿರುವ ಶಸ್ತ್ರಕ್ರಿಯೆಗಳಲ್ಲಿ ಇದೊಂದು. ಅಮೆರಿಕದ ಕ್ಯಾಸ್ಟನಾರೆಸ್ ಎಂಬ ಶಸ್ತ್ರವೈದ್ಯರು 1951ರಲ್ಲಿ ರೆಪ್ಪೆಯ ಕೊಬ್ಬು ಎಲ್ಲೆಲ್ಲಿ ಹೇಗೆ ಹಂಚಿಕೊಂಡಿದೆಯೆಂಬುದನ್ನು ವಿವರಿಸಿದರು: ಮೇಲಿನ ರೆಪ್ಪೆಯಲ್ಲಿ ಎರಡು ಗೂಡು, ಕೆಳಗಿನದರಲ್ಲಿ ಮೂರು. ಅದಾದ ಮೇಲೆ ಕೆಲವು ದಶಕಗಳ ಕಾಲ ವೈದ್ಯರು ಈ ಕೊಬ್ಬನ್ನು ಧಾರಾಳವಾಗಿ ತೆಗೆದರು. ಹಾಗೆ ತೆಗೆಸಿಕೊಂಡವರಲ್ಲಿ ಹಲವರ ಕಣ್ಣುಗಳು ಕಾಲಕ್ರಮದಲ್ಲಿ ಗುಳಿಬಿದ್ದು ಮುಖಕ್ಕೆ ಇನ್ನಷ್ಟು ಮುಪ್ಪು ಬಂದಂತಾಯಿತು. ಈಗಿನವರು ಕೊಬ್ಬನ್ನು ಮಿತವಾಗಿ ತೆಗೆಯುತ್ತಾರೆ. ಅಥವಾ ತೆಗೆಯದೆ ತಗ್ಗಾದ ಜಾಗಕ್ಕೆ ಸರಿಸಿ ಹೊಂದಿಸುತ್ತಾರೆ. ಸುಶ್ರುತನ ಗ್ರಂಥದಲ್ಲಿ ಕಂಡ ವಿವೇಕಕ್ಕೆ ಹೊಸ ಕಾಲದ ವೈದ್ಯವಿಜ್ಞಾನವೂ ಅನುಭವದಿಂದ ಬಂದು ತಲುಪಿತೆನ್ನಬಹುದು.

ಶಸ್ತ್ರಕ್ರಿಯೆಗೆ ಮುಂಚೆ

ಜೋತುಬಿದ್ದ ರೆಪ್ಪೆಗಳೆಲ್ಲವೂ ಒಂದೇ ಜಾತಿಯವಲ್ಲ. ಚರ್ಮ ಸಡಿಲವಾಗಿ ಇಳಿಬಿದ್ದಿರುವುದು ಒಂದು. ರೆಪ್ಪೆಯನ್ನೆತ್ತುವ ಸ್ನಾಯುವೇ ದುರ್ಬಲವಾಗಿ ರೆಪ್ಪೆಯ ಅಂಚು ಕೆಳಗಿಳಿದಿರುವುದು ಇನ್ನೊಂದು. ಎರಡನೆಯದಕ್ಕೆ ಟೋಸಿಸ್ ಎಂದು ಹೆಸರು. ಅದಕ್ಕೆ ಚರ್ಮವನ್ನು ತೆಗೆದರೆ ಪ್ರಯೋಜನವಿಲ್ಲ. ಸ್ನಾಯುವನ್ನು ಬಿಗಿಮಾಡುವ ಬೇರೆ ಶಸ್ತ್ರಕ್ರಿಯೆ ಬೇಕು. ಹುಬ್ಬೇ ಕೆಳಗೆ ಜಾರಿರುವುದು ಮೂರನೆಯದು. ವೈದ್ಯರು ಮೊದಲು ಇದನ್ನು ಬೇರ್ಪಡಿಸಿ ನೋಡುತ್ತಾರೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ರೆಪ್ಪೆಯು ಇದ್ದಕ್ಕಿದ್ದಂತೆ ಇಳಿಬಿದ್ದರೆ, ಅದರ ಜೊತೆಗೆ ತೀವ್ರವಾದ ತಲೆನೋವು ಬಂದರೆ, ಒಂದು ವಸ್ತು ಎರಡಾಗಿ ಕಂಡರೆ, ಅಥವಾ ಎರಡು ಕಣ್ಣಿನ ಪಾಪೆಗಳು ಬೇರೆ ಬೇರೆ ಗಾತ್ರದಲ್ಲಿದ್ದರೆ ಅದು ಅಂದದ ಪ್ರಶ್ನೆಯೇ ಅಲ್ಲ. ಮೆದುಳಿನ ರಕ್ತನಾಳದ ಅಪಾಯಕ್ಕೆ ಅದು ಸೂಚನೆಯಾಗಿರಬಹುದು; ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಬೆಳಗ್ಗೆ ಸರಿಯಾಗಿದ್ದು ಸಂಜೆಯ ಹೊತ್ತಿಗೆ ಇಳಿಬೀಳುವ ರೆಪ್ಪೆ ನರಕ್ಕೂ ಸ್ನಾಯುವಿಗೂ ಸಂಬಂಧಿಸಿದ ರೋಗದ ಗುರುತಾಗಿರಬಹುದು.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್ ರೋಗಗಳನ್ನು ವೈದ್ಯರಿಂದ ಮುಚ್ಚಿಡಬಾರದು. ಕಣ್ಣೀರು ಸಾಕಷ್ಟು ಬರುತ್ತದೆಯೆ ಎಂಬುದನ್ನು ನೋಡಲು ಕೆಳಗಿನ ರೆಪ್ಪೆಯಲ್ಲಿ ಒಂದು ಸಣ್ಣ ಕಾಗದದ ಪಟ್ಟಿಯನ್ನು ಐದು ನಿಮಿಷ ಇಟ್ಟು, ಎಷ್ಟು ಉದ್ದ ನೆನೆಯಿತೆಂದು ಅಳೆಯುವುದುಂಟು. ಮೊದಲೇ ಒಣಗಿದ ಕಣ್ಣುಳ್ಳವರಿಗೆ ಈ ಶಸ್ತ್ರಕ್ರಿಯೆಯಿಂದ ಒಣಗುವಿಕೆ ಹೆಚ್ಚಬಹುದಾದ್ದರಿಂದ ಈ ಪರೀಕ್ಷೆಗೆ ಮಹತ್ವವಿದೆ. ಆಸ್ಪಿರಿನ್ ಮುಂತಾದ ರಕ್ತವನ್ನು ತೆಳುವಾಗಿಡುವ ಔಷಧಗಳನ್ನು ಸೇವಿಸುತ್ತಿರುವವರು ಅದನ್ನು ತಪ್ಪದೆ ತಿಳಿಸಬೇಕು. ಆದರೆ ತಾವಾಗಿಯೇ ಅವನ್ನು ನಿಲ್ಲಿಸಬಾರದು. ಹೃದ್ರೋಗಿಗಳಿಗೆ ಹಾಗೆ ನಿಲ್ಲಿಸುವುದೇ ಅಪಾಯ. ಬೀಡಿ ಸಿಗರೇಟು ಸೇದುವವರ ಗಾಯ ನಿಧಾನವಾಗಿ ಮಾಯುತ್ತದೆ. ಅವರು ಮುಂಚಿತವಾಗಿಯೇ ಅದನ್ನು ಬಿಡಬೇಕು. ಮುಂದೆ ಹೋಲಿಸಿ ನೋಡುವುದಕ್ಕಾಗಿ ಮುಖದ ಛಾಯಾಚಿತ್ರಗಳನ್ನೂ ತೆಗೆದಿಡುತ್ತಾರೆ. ಯಾರ ಮುಖದ ಎರಡು ಪಕ್ಕಗಳೂ ಸಮಾನವಾಗಿಲ್ಲವೆಂಬ ಸತ್ಯವನ್ನು ಅನೇಕರು ಮೊದಲು ಕಾಣುವುದು ಆ ಚಿತ್ರದಲ್ಲಿಯೇ.

ಕೊನೆಯದಾಗಿ ಒಪ್ಪಿಗೆಯ ಪತ್ರ. ಅಜ್ಜಿಯ ಪತ್ರ ಇಂಗ್ಲಿಷಿನಲ್ಲಿತ್ತು. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ನನ್ನ ತಂದೆ "ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಹೇಳವ್ವ, ಸಾಕು" ಎಂದರು. ಆದರೆ ಅಜ್ಜಿ ಬಿಡಲಿಲ್ಲ. "ಏನು ಬರ್ದವ್ರೆ ಅಂತ ಓದಿ ಹೇಳು" ಎಂದರು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಊತ, ರಕ್ತಸ್ರಾವ, ಕಲೆ ಎಂಬ ಮಾತುಗಳಿಗೆಲ್ಲ ಅವರು ತಲೆಯಾಡಿಸಿದರು. ಕಣ್ಣು ಪೂರ್ತಿಯಾಗಿ ಮುಚ್ಚದೆ ಹೋಗಬಹುದೆಂಬ ಸಾಲು ಬಂದಾಗ ನನ್ನನ್ನು ತಡೆದು ವೈದ್ಯರನ್ನೇ ಕೇಳಿದರು: "ಅಲ್ಲ ತಾಯಿ, ಕುಯ್ದ ಮ್ಯಾಲೆ ನಿದ್ದೇಲಿ ಕಣ್ಣು ಮುಚ್ಚಾಕಾಯ್ತದಾ?" ಆ ವೈದ್ಯರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ಆಗತ್ತೆ ಅಜ್ಜಿ. ಮುಚ್ಚೋದಕ್ಕೆ ಎಷ್ಟು ಬೇಕೋ ಅಷ್ಟು ಚರ್ಮ ಬಿಟ್ಟೇ ಮಿಕ್ಕಿದ್ದನ್ನ ತೆಗೀತೀವಿ. ಕೇಳಬೇಕಾದ ಪ್ರಶ್ನೇನ ಸರಿಯಾಗಿ ಕೇಳಿದ್ರಿ" ಎಂದರು. ಹೆಬ್ಬೆಟ್ಟು ಬಿದ್ದದ್ದು ಅದಾದ ಮೇಲೆ.

ಶಸ್ತ್ರಕ್ರಿಯೆಯ ದಿನ

ಮೇಲಿನ ರೆಪ್ಪೆಯ ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕಾಗುವುದಿಲ್ಲ. ರೆಪ್ಪೆಯಲ್ಲಿಯೇ ಮದ್ದನ್ನು ಚುಚ್ಚಿ ಜೋಮು ಬರಿಸುತ್ತಾರೆ. ಚುಚ್ಚುವಾಗ ಉರಿಯುತ್ತದೆ; ಅನಂತರ ಮುಟ್ಟಿದ್ದು ಎಳೆದದ್ದು ತಿಳಿಯುವುದೇ ಹೊರತು ನೋವು ತಿಳಿಯುವುದಿಲ್ಲ. ಇದಕ್ಕೆ ಮುಂಚೆ ರೋಗಿಯನ್ನು ಕುಳ್ಳಿರಿಸಿ ಲೇಖನಿಯಿಂದ ಗುರುತು ಹಾಕಿರುತ್ತಾರೆ. ಮಲಗಿದಾಗ ಚರ್ಮ ಬೇರೆ ರೀತಿ ಸರಿಯುವುದರಿಂದ ಆ ಗುರುತನ್ನು ನಂಬುವಂತಿಲ್ಲ.

ಗುರುತಿನ ಕೆಳಗಿನ ಗೆರೆ ರೆಪ್ಪೆಯ ಸಹಜವಾದ ಮಡಿಕೆಯಲ್ಲಿ ಬರುತ್ತದೆ. ಹೆಂಗಸರಲ್ಲಿ ಇದು ಎವೆಗೂದಲಿನಿಂದ ಸುಮಾರು 8ರಿಂದ 10 ಮಿಲಿಮೀಟರ್ ಮೇಲೆ, ಗಂಡಸರಲ್ಲಿ ಸ್ವಲ್ಪ ಕೆಳಗೆ ಇರುತ್ತದೆ. ಕಣ್ಣು ತೆರೆದಾಗ ಕಲೆ ಮಡಿಕೆಯೊಳಗೆ ಅಡಗಲೆಂಬುದು ಉದ್ದೇಶ. ಅನಂತರ ಮೇಲಿನ ಗೆರೆ. ಹುಬ್ಬಿನ ಕೆಳ ಅಂಚಿನಿಂದ ಎವೆಗೂದಲಿನವರೆಗೆ ಒಟ್ಟು 20 ಮಿಲಿಮೀಟರಿನಷ್ಟಾದರೂ ಚರ್ಮ ಉಳಿಯಬೇಕೆಂಬುದು ಶಸ್ತ್ರವೈದ್ಯರು ಸಾಮಾನ್ಯವಾಗಿ ಅನುಸರಿಸುವ ಲೆಕ್ಕ. ಈ ಎರಡು ಸೆಂಟಿಮೀಟರ್ ಚರ್ಮವೇ ರಾತ್ರಿಯಲ್ಲಿ ಕಣ್ಣನ್ನು ಮುಚ್ಚುವ ಬಾಗಿಲು. ಹೆಚ್ಚಾಗಿ ಉಳಿದರೆ ಮತ್ತೆ ಸ್ವಲ್ಪ ತೆಗೆಯಬಹುದು. ಹೆಚ್ಚಾಗಿ ತೆಗೆದರೆ ಬೇರೆ ಕಡೆಯ ಚರ್ಮವನ್ನು ತಂದು ತೇಪೆ ಹಾಕಬೇಕಾಗುತ್ತದೆ. ಗೆರೆಗಳ ನಡುವಣ ಚರ್ಮವನ್ನೂ, ಅಗತ್ಯವಿದ್ದರೆ ಸ್ವಲ್ಪ ಕೊಬ್ಬನ್ನೂ ತೆಗೆದು ಸೂಕ್ಷ್ಮವಾದ ದಾರದಿಂದ ಹೊಲಿಯುತ್ತಾರೆ. ಎರಡು ಕಣ್ಣಿಗೂ ಸೇರಿ ಸುಮಾರು ಒಂದು ಗಂಟೆಯ ಕೆಲಸ. ಬಹು ಮಂದಿ ಅದೇ ದಿನ ಮನೆಗೆ ಹಿಂದಿರುಗುತ್ತಾರೆ.

ಕೆಳಗಿನ ರೆಪ್ಪೆಯ ಕೆಲಸ ಇನ್ನೂ ನಾಜೂಕು. ಕೊಬ್ಬು ಮಾತ್ರ ಉಬ್ಬಿದ್ದರೆ ರೆಪ್ಪೆಯ ಒಳಭಾಗದಿಂದಲೇ ಅದನ್ನು ಸರಿಪಡಿಸಬಹುದು. ಆಗ ಹೊರಗೆ ಕಲೆಯೇ ಇರದು. ಚರ್ಮವನ್ನೂ ತೆಗೆಯಬೇಕಾದರೆ ಎವೆಗೂದಲಿನ ಕೆಳಗೇ ಕತ್ತರಿಸುತ್ತಾರೆ. ಇಲ್ಲಿ ಸ್ವಲ್ಪ ಹೆಚ್ಚು ತೆಗೆದರೂ ರೆಪ್ಪೆ ಕೆಳಕ್ಕೆ ಜಗ್ಗಿ ಹೊರಕ್ಕೆ ತಿರುಗಿಕೊಳ್ಳಬಹುದು.

ಆಮೇಲಿನ ದಿನಗಳು

ಮೊದಲನೆಯ ದಿನ ಕನ್ನಡಿ ನೋಡಿದವರು ಗಾಬರಿಯಾಗುವುದು ಸಹಜ. ರೆಪ್ಪೆಗಳು ಊದಿಕೊಂಡು, ಸುತ್ತಲೂ ನೀಲಿಗಟ್ಟಿ, ಏಟು ತಿಂದವರಂತೆ ಕಾಣುತ್ತಾರೆ. ಎರಡನೆಯ ಮೂರನೆಯ ದಿನ ಊತ ಇನ್ನೂ ಹೆಚ್ಚುವುದುಂಟು. ಎರಡು ದಿನಗಳವರೆಗೆ ಆಗಾಗ ತಣ್ಣನೆಯ ಬಟ್ಟೆಯನ್ನು ಇಡಬೇಕು. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬಾರದು. ದಿಂಬುಗಳನ್ನಿಟ್ಟು ತಲೆಯನ್ನು ಎತ್ತರದಲ್ಲಿರಿಸಿ ಮಲಗಬೇಕು. ವೈದ್ಯರು ಕೊಟ್ಟ ಮುಲಾಮನ್ನೂ ಹನಿಗಳನ್ನೂ ತಪ್ಪದೆ ಹಾಕಬೇಕು. ಕಣ್ಣನ್ನು ಉಜ್ಜಬಾರದು. ನಮ್ಮ ಮನೆಗಳ ಹಳೆಯ ಅಭ್ಯಾಸದಂತೆ ಹರಳೆಣ್ಣೆ, ಕಾಡಿಗೆ, ಸೊಪ್ಪಿನ ರಸಗಳನ್ನು ಗಾಯದ ಹತ್ತಿರ ತರಲೇಬಾರದು.

ಐದರಿಂದ ಏಳು ದಿನಗಳಲ್ಲಿ ಹೊಲಿಗೆ ಬಿಚ್ಚುತ್ತಾರೆ. ನೀಲಿಬಣ್ಣವೂ ಊತದ ಬಹುಭಾಗವೂ ಇಳಿಯಲು ಹತ್ತು ದಿನಗಳಿಂದ ಎರಡು ವಾರ ಬೇಕು. ಅಲ್ಲಿಯವರೆಗೆ ನೀರಿನ ಕೊಡ ಎತ್ತುವುದು, ಬಗ್ಗಿ ಗುಡಿಸುವುದು, ಓಡುವುದು ಇವೆಲ್ಲ ಬೇಡ. ತಲೆಗೆ ರಕ್ತದ ಒತ್ತಡ ಏರಿದರೆ ಗಾಯದಲ್ಲಿ ರಕ್ತ ಜಿನುಗಬಹುದು. ಹೆಂಗಸರಿಗೆ ಈ ವಿಶ್ರಾಂತಿ ಸಿಗುವುದು ಎಷ್ಟು ಕಷ್ಟವೆಂಬುದನ್ನು ಮನೆಯವರು ಮೊದಲೇ ಯೋಚಿಸಿ ಕೆಲಸಗಳನ್ನು ಹಂಚಿಕೊಳ್ಳಬೇಕು. ಕೆಲವು ವಾರಗಳ ಕಾಲ ಕಣ್ಣಿನಲ್ಲಿ ನೀರು ಬರುವುದು, ಮರಳು ಬಿದ್ದಂತೆ ಚುಚ್ಚುವುದು, ಬೆಳಕು ತಡೆಯದಿರುವುದು, ಮಂಜಾಗುವುದು ಉಂಟು. ಬಿಸಿಲಿಗೆ ಹೊರಟಾಗ ಕಪ್ಪು ಕನ್ನಡಕ ಧರಿಸುವುದು ಒಳ್ಳೆಯದು. ನಮ್ಮಂತಹ ಕಂದು ಚರ್ಮದವರಲ್ಲಿ ಕಲೆ ಕಪ್ಪಾಗುವ ಸಂಭವ ಹೆಚ್ಚು. ಗಾಯದ ಗೆರೆ ಮೊದಲು ಕೆಂಪಾಗಿದ್ದು ತಿಂಗಳುಗಳು ಕಳೆದಂತೆ ಮಾಸುತ್ತದೆ. ಚಿಕಿತ್ಸೆಯ ನಿಜವಾದ ಫಲವನ್ನು ಮೂರರಿಂದ ಆರು ತಿಂಗಳಾದ ಮೇಲೆ ಅಳೆಯಬೇಕು. ಮೂರನೆಯ ದಿನದ ಕನ್ನಡಿಯಿಂದ ಅಳೆಯಬಾರದು.

ಅಪಾಯಗಳು

ಇದು ಸಾಮಾನ್ಯವಾಗಿ ಸುರಕ್ಷಿತವಾದ ಶಸ್ತ್ರಕ್ರಿಯೆ. ಆದರೆ ಅಪಾಯವೇ ಇಲ್ಲವೆನ್ನುವವರನ್ನು ನಂಬಬಾರದು. ಎರಡು ಕಣ್ಣುಗಳು ಒಂದೇ ಸಮನಾಗಿ ಕಾಣದಿರುವುದು, ಕಣ್ಣು ಒಣಗುವುದು, ಸೋಂಕು, ಕಲೆ ಎದ್ದು ಕಾಣುವುದು, ಕಣ್ಣು ಪೂರ್ತಿ ಮುಚ್ಚದಿರುವುದು ಇವು ತಿಳಿದಿರಬೇಕಾದವು. ಮೊದಲ ಕೆಲವು ದಿನ ಊತದಿಂದಾಗಿ ರೆಪ್ಪೆ ಸ್ವಲ್ಪ ತೆರೆದುಕೊಂಡೇ ಇರುವುದುಂಟು. ಅದು ತಾನಾಗಿ ಸರಿಹೋಗುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ಕಣ್ಣುಗುಡ್ಡೆಯ ಹಿಂದೆ ರಕ್ತ ಶೇಖರವಾಗುವುದು. ಆ ರಕ್ತವು ದೃಷ್ಟಿನರವನ್ನು ಒತ್ತಿ ಕಣ್ಣನ್ನೇ ಕಳೆಯಬಹುದು. ಅಮೆರಿಕದ ಶಸ್ತ್ರವೈದ್ಯರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಂತೆ ಇಂತಹ ರಕ್ತಸ್ರಾವ ಸುಮಾರು 2,000 ಮಂದಿಯಲ್ಲಿ ಒಬ್ಬರಿಗೂ, ಅದರಿಂದ ಶಾಶ್ವತವಾದ ದೃಷ್ಟಿನಷ್ಟ ಸುಮಾರು 22,000 ಮಂದಿಯಲ್ಲಿ ಒಬ್ಬರಿಗೂ ಆಗುತ್ತದೆ. ಸಂಖ್ಯೆ ಬಹಳ ಸಣ್ಣದು. ಆದರೆ ಹೆಚ್ಚಾಗಿ ಇದು ಮೊದಲ 24 ಗಂಟೆಗಳಲ್ಲಿಯೇ ಸಂಭವಿಸುವುದರಿಂದ ಮನೆಯವರಿಗೆ ಗುರುತುಗಳು ಗೊತ್ತಿರಬೇಕು. ತಡೆಯಲಾರದ ನೋವು, ಕಣ್ಣುಗುಡ್ಡೆ ಬಿಗಿಯಾಗಿ ಮುಂದಕ್ಕೆ ಉಬ್ಬುವುದು, ನೋಟ ಕುಂದುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೊಲಿಗೆಯನ್ನು ಬಿಚ್ಚಿ ಒತ್ತಡವನ್ನು ಬೇಗನೆ ಇಳಿಸಿದರೆ ಕಣ್ಣು ಉಳಿಯುತ್ತದೆ. ಇದೇ ಕಾರಣದಿಂದ ಈ ಶಸ್ತ್ರಕ್ರಿಯೆಯನ್ನು ರೆಪ್ಪೆಯ ಚಿಕಿತ್ಸೆಯಲ್ಲಿ ತರಬೇತಿ ಪಡೆದ ನೇತ್ರವೈದ್ಯರಿಂದಾಗಲಿ, ಪ್ಲಾಸ್ಟಿಕ್ ಶಸ್ತ್ರವೈದ್ಯರಿಂದಾಗಲಿ ಮಾತ್ರ ಮಾಡಿಸಬೇಕು. ಕಡಿಮೆ ಹಣಕ್ಕೆ ಆಸೆಪಟ್ಟು ಅಲಂಕಾರದ ಅಂಗಡಿಗಳಿಗೆ ಕಣ್ಣನ್ನು ಒಪ್ಪಿಸಬಾರದು.

ಏನನ್ನು ನಿರೀಕ್ಷಿಸಬಾರದು?

ಈ ಚಿಕಿತ್ಸೆ ಕಣ್ಣಂಚಿನ ಸುಕ್ಕುಗಳನ್ನು ಅಳಿಸುವುದಿಲ್ಲ. ಇಳಿದ ಹುಬ್ಬನ್ನು ಏರಿಸುವುದಿಲ್ಲ. ಕಣ್ಣಿನ ಕೆಳಗಿನ ಚರ್ಮದ ಕಪ್ಪುಬಣ್ಣವನ್ನು ಹೋಗಲಾಡಿಸುವುದಿಲ್ಲ. ವಯಸ್ಸು ಹೋಗುವುದನ್ನು ನಿಲ್ಲಿಸುವುದೂ ಇಲ್ಲ; ಫಲ ಹಲವು ವರ್ಷ ನಿಂತರೂ ಚರ್ಮ ತನ್ನ ಪಾಡಿಗೆ ತಾನು ಮತ್ತೆ ಸಡಿಲವಾಗುತ್ತ ಹೋಗುತ್ತದೆ. ಸೌಂದರ್ಯಕ್ಕಾಗಿಯೇ ಮಾಡಿಸಿಕೊಂಡರೆ ಆರೋಗ್ಯ ವಿಮೆಯ ಸಂಸ್ಥೆಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ದಣಿದಂತೆ ಕಾಣುವ ಮುಖ ಸ್ವಲ್ಪ ಹಗುರವಾಗಿ ಕಾಣಬಹುದು. ಮುಖ ಮಾತ್ರ ನಮ್ಮದೇ ಆಗಿರುತ್ತದೆ.

ಹಾಗೆಂದು ಅಂದಕ್ಕಾಗಿ ಮಾಡಿಸಿಕೊಳ್ಳುವವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಜ್ಜಿಯ ಶಸ್ತ್ರಕ್ರಿಯೆಯ ಸುದ್ದಿ ತಿಳಿದಾಗ ನಮ್ಮ ಬೀದಿಯಲ್ಲಿ "ಈ ವಯಸ್ಸಲ್ಲಿ ಮುದುಕಿಗೆ ಕಣ್ಣು ಚೆಂದ ಮಾಡ್ಸವ್ರೆ" ಎಂದು ನಕ್ಕವರುಂಟು. ಹೂ ಕಟ್ಟುವುದಕ್ಕೆ ಕಣ್ಣು ಬೇಕೆಂದು ನಾನು ಸಿಟ್ಟಿನಿಂದ ವಾದಿಸಿದೆ. ಅಜ್ಜಿ ಮಾತ್ರ ನಕ್ಕು, "ಚೆಂದಾನೂ ಆದ್ರೆ ಆಗ್ಲಿ ಬುಡು, ಏನೀಗ?" ಎಂದರು. ನನ್ನ ವಾದದಲ್ಲಿ ಇದ್ದ ಕೊರತೆ ಆಗ ನನಗೆ ತಿಳಿಯಿತು. ಚೆಲುವಿನ ಆಸೆಯೂ ಮನುಷ್ಯ ಸಹಜವಾದುದೇ. ಇಪ್ಪತ್ತರ ವಯಸ್ಸಿನ ನಾವು ಬೇರೊಬ್ಬರ ಚಿತ್ರವನ್ನು ಹಿಡಿದು ಇಂತಹ ಕಣ್ಣೇ ಬೇಕೆಂದು ಹೊರಡುವುದಕ್ಕೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಎಷ್ಟನ್ನು ತೆಗೆಯುತ್ತಾರೆಂದು ಎಲ್ಲರೂ ಕೇಳುತ್ತಾರೆ. ಎಷ್ಟನ್ನು ಉಳಿಸುತ್ತಾರೆಂದು ಕೇಳುವವರು ಕಡಿಮೆ. ಓದು ಬರಹ ಬಾರದ ಒಬ್ಬ ಹೆಂಗಸು ಆ ಪ್ರಶ್ನೆಯನ್ನು ಕೇಳಿದರು. ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆಯಲಿರುವ ನನಗೆ ಅದು ಹೊಳೆದಿರಲಿಲ್ಲ.

ಹೊಲಿಗೆ ಬಿಚ್ಚಿ ಮನೆಗೆ ಬಂದ ರಾತ್ರಿ ನಾನು ದೀಪ ಹಿಡಿದು ಅಜ್ಜಿಯ ಮುಖವನ್ನು ನೋಡಿದೆ. ಎರಡು ಕಣ್ಣುಗಳೂ ಪೂರ್ತಿಯಾಗಿ ಮುಚ್ಚಿದ್ದವು. ಈಗ ಅವರು ಎರಡು ಕೈಯಿಂದಲೂ ಹೂ ಕಟ್ಟುತ್ತಾರೆ. ರೆಪ್ಪೆಯ ಶಸ್ತ್ರಚಿಕಿತ್ಸೆಯಿಂದ ಮೊದಲು ನಿರೀಕ್ಷಿಸಬೇಕಾದುದು ತೆರೆದಾಗ ಕಾಣುವ, ಮುಚ್ಚಿದಾಗ ಮುಚ್ಚುವ ಕಣ್ಣನ್ನು. ಚೆಲುವು ಅದರ ಹಿಂದೆ ಬಂದರೆ ಸಂತೋಷವೇ. ಇಷ್ಟನ್ನು ವಾಚಕರ ಮುಂದಿಟ್ಟು ವಿರಮಿಸುತ್ತೇನೆ.